ಐಸ್‌ಲ್ಯಾಂಡಿನ ಟ್ರಂಪೆಟ್, ಐಗಳಿಯ ಬೆಂಜೋ

ಅಥಣಿ ಸೀಮೆಯ ಐಗಳಿ, ತೆಲಸಂಗ, ಕೊಹಳ್ಳಿ ಕಡೆ ದ್ರಾಕ್ಷಿ ಕಟಾವು ಮುಗಿದು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡುಗಳು ತುಂಬಿಕೊಂಡಾಗ ಒಂದೊಂದು ಶೆಡ್ಡಿನಿಂದ ಒಂದೊಂದು ಹಾಡು ಹೊರಡುತ್ತಿರುತ್ತದೆ. ಒಂದರಲ್ಲಿ ಮರಾಠಿ, ಇನ್ನೊಂದರಲ್ಲಿ ಭಜನಾಪದ, ಮತ್ತೊಂದರಲ್ಲಿ ರಾಯಬಾಗ ಕಡೆಯ ಹೊಸ ಜಾನಪದ. ಗಡಿಯಲ್ಲಿ ಬೆಳೆದ ಕಿವಿಗೆ ಭಾಷೆಯ ಹಂಗು ಕಡಿಮೆ, ತಾಳ ಹಿಡಿಸಿದರೆ ಸಾಕು. ನನ್ನ ಅಕ್ಕನ ಮಗ ಫೋನು ಮುಂದೆ ಹಿಡಿದು, "ಮಾಮಾ, ಇದೊಂದ ಕೇಳ್ರಿ, ಐಸ್‌ಲ್ಯಾಂಡಿಂದು" ಎಂದಾಗ ಅವನ ಮನಸ್ಸು ಮುರಿಯಬಾರದೆಂದು ಕಿವಿಗೊಟ್ಟೆ. ಹಾಡು ಅರ್ಧ ಆಗುವುದರೊಳಗೆ ಕಾಲು ತಾನೇ ತಾಳ ಹಾಕುತ್ತಿತ್ತು.

ಬ್ಯಾಂಡಿನ ಹೆಸರು ಆಫ್ ಮಾನ್‌ಸ್ಟರ್ಸ್ ಆ್ಯಂಡ್ ಮೆನ್. ಹಾಡಿನ ಹೆಸರು ಲಿಟಲ್ ಟಾಕ್ಸ್. ರಾಕ್ ಎಂದರೆ ಕಿರುಚಾಟ, ಕೂದಲು ಬೀಸಾಟ ಎಂದುಕೊಂಡವರಿಗೆ ಇದು ಬೇರೆಯೇ ರುಚಿ. ಗಿಟಾರು ಬೀಸಾಗಿ ಹೊಡೆಯುತ್ತಾರೆ, ಡ್ರಮ್ಮು ಓಡುತ್ತದೆ, ಆದರೆ ಮೇಲೆ ತೇಲುವುದು ಮಾತ್ರ ಟ್ರಂಪೆಟ್ಟಿನ ಒಂದು ರಾಗ. ಒಮ್ಮೆ ಕೇಳಿದರೆ ಎರಡನೇ ಸಲ ಬಾಯಲ್ಲೇ ಗುನುಗಬಹುದಾದಷ್ಟು ಸರಳ. ನಡುನಡುವೆ ಎಲ್ಲರೂ ಸೇರಿ ಒಂದು ಕೂಗು ಹಾಕುತ್ತಾರೆ. ನಮ್ಮ ಡೊಳ್ಳಿನವರು ಹೆಜ್ಜೆ ಬದಲಿಸುವಾಗ ಹಾಕುವಂಥದ್ದೇ. ಹಾಡುವವರು ಇಬ್ಬರು, ನಾನ್ನಾ ಎಂಬ ಹೆಣ್ಣುಮಗಳು ಮತ್ತು ರಗ್ನಾರ್ ಎಂಬ ಗಂಡುಮಗ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತ ಹಾಡು ಬೆಳೆಯುತ್ತದೆ. ಗಂಡ ಸತ್ತು ಒಂಟಿಯಾದ ಹೆಂಗಸು ಹಳೆಯ ಮನೆಯಲ್ಲಿ ಅವನ ಜೊತೆ ಮಾತಾಡುತ್ತಿದ್ದಾಳೆ. ಇಷ್ಟು ದುಃಖದ ವಸ್ತುವನ್ನು ಕುಣಿಯುವ ಲಯಕ್ಕೆ ಕೂಡಿಸಿದ್ದೇ ಆ ಹಾಡಿನ ಗಟ್ಟಿತನ.

ಗಂಡುದನಿ ಹೆಣ್ಣುದನಿ ಎದುರುಬದುರು ನಿಲ್ಲುವುದು ನಮಗೆ ಹೊಸದಲ್ಲ. ನಮ್ಮ ಹರದೇಶಿ–ನಾಗೇಶಿ ಇದೇ ಜಗಳದ ಮೇಲೆ ನಿಂತದ್ದು. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಎತ್ತಿಕೊಳ್ಳುತ್ತಾರೆ. ರಾತ್ರಿಯಿಡೀ ಸವಾಲು, ಜವಾಬು. ಅತ್ತ ಮಹಾರಾಷ್ಟ್ರದಲ್ಲಿ ಇದನ್ನೇ ಕಲ್ಗಿ–ತುರಾ ಎನ್ನುತ್ತಾರೆ. ಗೀಗೀ ಮೇಳವನ್ನೇ ನೋಡಿ. ಮುಂದೆ ನಿಂತವನ ಕೈಯಲ್ಲಿ ದಪ್ಪು, ಹಿಂದಿನವರ ಕೈಯಲ್ಲಿ ತುಂತುಣಿ ಮತ್ತು ತಾಳ. ಮೂರೇ ಜನ, ಮೂರೇ ವಾದ್ಯ, ಊರು ತುಂಬುವ ಸದ್ದು. ರಾಕ್ ಸಂಗೀತದಲ್ಲಿ ಮೂವರ ಬ್ಯಾಂಡಿಗೆ ದೊಡ್ಡ ಮರ್ಯಾದೆಯಿದೆ. ಆ ಲೆಕ್ಕದಲ್ಲಿ ನಮ್ಮ ಗೀಗೀ ಮೇಳದವರು ಬಹಳ ಹಿಂದಿನಿಂದಲೇ ರಾಕ್ ಮಾಡುತ್ತಿದ್ದಾರೆ.

ಐಸ್‌ಲ್ಯಾಂಡಿನ ಈ ಹುಡುಗರು ಜಗತ್ತಿಗೆ ಸಿಕ್ಕ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನನ್ನ ಮಾತಿನ ತಿರುಳು ಅಲ್ಲಿದೆ. ನಾನ್ನಾ ಮೊದಲು ಸಾಂಗ್‌ಬರ್ಡ್ ಎಂಬ ಹೆಸರಿನಲ್ಲಿ ಗಿಟಾರು ಹಿಡಿದು ಒಬ್ಬಳೇ ಹಾಡುತ್ತಿದ್ದವಳು. ಆಮೇಲೆ ಒಬ್ಬೊಬ್ಬರಾಗಿ ಜೊತೆಗಾರರು ಕೂಡಿಕೊಂಡರು. ಆ ದೇಶದಲ್ಲಿ 1982ರಿಂದ ಮೂಸಿಕ್‌ತಿಲ್‌ರೌನಿರ್ ಎಂಬ ಸ್ಪರ್ಧೆ ನಡೆದುಕೊಂಡು ಬಂದಿದೆ. ಹದಿಹರೆಯದವರಿಗೂ ಇಪ್ಪತ್ತರ ಆಸುಪಾಸಿನವರಿಗೂ ಮೀಸಲಾದ ಬ್ಯಾಂಡುಗಳ ಸ್ಪರ್ಧೆ ಅದು. ಗೆದ್ದವರಿಗೆ ಸ್ಟುಡಿಯೋದಲ್ಲಿ ಧ್ವನಿಮುದ್ರಣಕ್ಕೆ ಸಮಯ ಕೊಡುತ್ತಾರೆ. 2010ರಲ್ಲಿ ಈ ಹುಡುಗರು ಅಲ್ಲಿ ಗೆದ್ದರು. ಅದೇ ವರ್ಷ ರೇಕ್ಯಾವಿಕ್‌ನ ಏರ್‌ವೇವ್ಸ್ ಸಂಗೀತೋತ್ಸವಕ್ಕೆ ಅಮೆರಿಕದ ಸಿಯಾಟಲ್ ನಗರದ ಕೆಇಎಕ್ಸ್‌ಪಿ ಎಂಬ, ಕೇಳುಗರ ದೇಣಿಗೆಯ ಮೇಲೆ ನಡೆಯುವ ರೇಡಿಯೊದವರು ಬಂದಿದ್ದರು. ಒಂದು ಮನೆಯ ಪಡಸಾಲೆಯಲ್ಲಿ ಇವರನ್ನು ಕೂಡಿಸಿ ಲಿಟಲ್ ಟಾಕ್ಸ್ ಹಾಡಿಸಿ ವಿಡಿಯೊ ಮಾಡಿಕೊಂಡು ಹೋದರು. ವೇದಿಕೆ ಇಲ್ಲ, ದೀಪ ಇಲ್ಲ, ಸೋಫಾದ ಪಕ್ಕ ಒತ್ತಿಕೊಂಡು ನಿಂತ ಹುಡುಗರು. ಮರುವರ್ಷ ಫಿಲಡೆಲ್ಫಿಯಾದ ಒಂದು ರೇಡಿಯೊ ಆ ಹಾಡನ್ನು ಎತ್ತಿಕೊಂಡಿತು. 2011ರಲ್ಲಿ ತಮ್ಮ ದೇಶದಲ್ಲಷ್ಟೇ ಬಿಡುಗಡೆಯಾದ ಅವರ ಮೊದಲ ಆಲ್ಬಂ 2012ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನ ಮುಟ್ಟಿತು. ಮುಂದೆಯೂ ಆಲ್ಬಂಗಳು ಬಂದವು. ನನಗೇನೋ ಮೊದಲನೆಯದೇ ಸಾಕು; ಆಮೇಲಿನವುಗಳಲ್ಲಿ ಗಾಂಭೀರ್ಯ ಹೆಚ್ಚಾಗಿ ಉತ್ಸಾಹ ತಗ್ಗಿದೆ.

ಐಸ್‌ಲ್ಯಾಂಡಿನ ಒಟ್ಟು ಜನಸಂಖ್ಯೆ 4 ಲಕ್ಷದ ಒಳಗೆ. ನಮ್ಮ ಬೆಳಗಾವಿ ಜಿಲ್ಲೆಯದು 2011ರ ಜನಗಣತಿಯಲ್ಲೇ 47 ಲಕ್ಷ ದಾಟಿತ್ತು. ಅಷ್ಟು ಸಣ್ಣ ದೇಶದಿಂದ ಹಾಡುಗಾರ್ತಿ ಬ್ಯೋರ್ಕ್ ಬಂದಳು, ಸಿಗುರ್ ರೋಸ್ ಬ್ಯಾಂಡು ಬಂದಿತು, ಇವರೂ ಬಂದರು. ನೀರಿನ ಗುಣವೋ, ಜ್ವಾಲಾಮುಖಿಯ ಗುಣವೋ ಎಂದು ಬರೆಯುವ ಪತ್ರಕರ್ತರಿಗೆ ಕೊರತೆಯಿಲ್ಲ. ನಿಜವಾದ ಕಾರಣ ಇಷ್ಟು ಚೆಂದದ್ದಲ್ಲ. ಅಲ್ಲಿ ಸಣ್ಣ ಊರುಗಳಲ್ಲೂ ಸ್ಥಳೀಯ ಆಡಳಿತದ ದುಡ್ಡಿನಲ್ಲಿ ನಡೆಯುವ ಸಂಗೀತ ಶಾಲೆಗಳಿವೆ. ಮಕ್ಕಳ ಕೈಗೆ ಪಿಯಾನೊ, ಟ್ರಂಪೆಟ್ಟು, ಪಿಟೀಲು ಬರುವುದು ಅಲ್ಲಿ. ದೊಡ್ಡವರಾದ ಮೇಲೆ ತಾಲೀಮಿಗೆ ಒಂದು ಜಾಗ, ವರ್ಷಕ್ಕೊಮ್ಮೆ ಒಂದು ಸ್ಪರ್ಧೆ, ಆಮೇಲೆ ಒಂದು ಉತ್ಸವ. ಏರ್‌ವೇವ್ಸ್ ಉತ್ಸವ 1999ರಲ್ಲಿ ಶುರುವಾದದ್ದೂ ವಿಮಾನ ನಿಲ್ಲಿಸುವ ಒಂದು ಶೆಡ್ಡಿನಲ್ಲಿ.

ಇನ್ನೊಂದು ಸಂಗತಿ. ಅವರಿಗೂ ಹಳೆಯದೊಂದು ಪದಗಾರಿಕೆ ಇದೆ. ರೀಮುರ್ ಎನ್ನುತ್ತಾರೆ. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಮನೆಮಂದಿ ಉಣ್ಣೆ ಕೆಲಸ ಮಾಡುತ್ತ ಕೂತಾಗ ಒಬ್ಬ ವೀರರ ಕಥೆಯನ್ನು ಪ್ರಾಸಬದ್ಧವಾಗಿ ರಾಗವಾಗಿ ಹೇಳುತ್ತಿದ್ದ. ಅದು ಅಳಿದುಹೋಗುವ ಹೊತ್ತಿಗೆ 1929ರಲ್ಲಿ ರೇಕ್ಯಾವಿಕ್‌ನಲ್ಲಿ ಇದುನ್ ಎಂಬ ಸಂಘ ಕಟ್ಟಿ ಪದಗಳನ್ನು ಕೂಡಿಹಾಕಿದರು, ತಟ್ಟೆಗಳಲ್ಲಿ ಮುದ್ರಿಸಿಟ್ಟರು. 2001ರಲ್ಲಿ ಸಿಗುರ್ ರೋಸ್ ಬ್ಯಾಂಡು ಸ್ಟೇಂದೋರ್ ಆಂಡರ್‌ಸನ್ ಎಂಬ ಹಳೆಯ ಪದ್ಧತಿಯ ಹಾಡುಗಾರನನ್ನು ಜೊತೆಗೆ ಕೂಡಿಸಿಕೊಂಡು ಒಂದು ಸಣ್ಣ ಆಲ್ಬಂ ಮಾಡಿತು. ಹಳೆಯವನೂ ಹೊಸಬರೂ ಒಂದೇ ವೇದಿಕೆಯಲ್ಲಿ ನಿಂತರು, ಯಾರೂ ಯಾರಿಗೂ ಉಪದೇಶ ಮಾಡಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಹುರುಪಿನ, ರಾಗವುಳ್ಳ, ಕರೆಂಟು ಹಚ್ಚಿದ ಬ್ಯಾಂಡು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಬೆಂಜೋ ಪಾರ್ಟಿ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ, ಅತ್ತ ಕೊಲ್ಲಾಪುರ, ಸಾಂಗಲಿ — ಈ ಸೀಮೆಯಲ್ಲಿ ಮದುವೆ ದಿಬ್ಬಣವನ್ನೋ ಗಣಪತಿ ಮೆರವಣಿಗೆಯನ್ನೋ ನೋಡಿ ಬೆಳೆದವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ. ಉಳಿದವರಿಗಾಗಿ ಹೇಳುತ್ತೇನೆ.

ಬೆಂಜೋ ಎಂದರೆ ಅಮೆರಿಕದ ದುಂಡು ಹೊಟ್ಟೆಯ ಬ್ಯಾಂಜೋ ಅಲ್ಲ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ಎಳೆದು ಕಟ್ಟಿದ ತಂತಿಗಳು, ತಂತಿಗಳ ಮೇಲೆ ಸಾಲಾಗಿ ಗುಂಡಿಗಳು. ಎಡಗೈ ಬೆರಳು ಗುಂಡಿ ಒತ್ತಿದರೆ ಅಡಿಯಲ್ಲಿ ತಂತಿ ಆ ಸ್ಥಾನದಲ್ಲಿ ಅದುಮಿಕೊಳ್ಳುತ್ತದೆ, ಬಲಗೈ ತಂತಿ ಮೀಟುತ್ತದೆ. ಇದನ್ನು ಮೊದಲು ಮಾಡಿದವರು ಜಪಾನಿನ ನಗೋಯಾ ಊರಿನ ಮೊರಿಟಾ ಗೋರೊ, 1912ರಲ್ಲಿ. ಎರಡು ತಂತಿಯ ಹಳೆಯ ಜಪಾನಿ ವಾದ್ಯಕ್ಕೆ ಟೈಪ್‌ರೈಟರ್ ಕೀಲಿಗಳ ಉಪಾಯವನ್ನು ಕೂಡಿಸಿದರು. ಶಾಸ್ತ್ರ ಕಲಿಯದವರೂ ಮನೆಯಲ್ಲಿ ನುಡಿಸಲಿ ಎಂಬುದು ಉದ್ದೇಶ. ಆಗಿನ ದೊರೆಯ ಕಾಲಮಾನದ ಹೆಸರಿನಿಂದ ಅದು ತೈಶೋಗೋತೊ ಆಯಿತು. ಅಲ್ಲಿಂದ ಹಡಗು ಹತ್ತಿ ನಮ್ಮ ಉಪಖಂಡಕ್ಕೆ ಬಂದು ಬುಲ್‌ಬುಲ್ ತರಂಗವಾಯಿತು. ಬಲೂಚಿಸ್ತಾನದಲ್ಲಿ ಬೆಂಜು ಎಂಬ ಹೆಸರು ಪಡೆದು ಆ ಜನರ ತಮ್ಮದೇ ವಾದ್ಯವಾಗಿಬಿಟ್ಟಿತು. ನಮ್ಮ ಸೀಮೆಗೆ ಬಂದ ಮೇಲೆ ಯಾರೋ ಪುಣ್ಯಾತ್ಮರು ಅದಕ್ಕೆ ಪಿಕಪ್ ಹಚ್ಚಿ ಆಂಪ್ಲಿಫೈಯರಿಗೆ ಜೋಡಿಸಿದರು. ಮನೆಯ ಮೂಲೆಯಲ್ಲಿ ಮೆಲ್ಲಗೆ ನುಡಿಯಬೇಕಿದ್ದ ಆಟಿಕೆಯಂಥ ವಾದ್ಯ ಬೀದಿಗಿಳಿದು ನೂರು ಜನರನ್ನು ಕುಣಿಸತೊಡಗಿತು.

ಬೆಂಜೋ ಪಾರ್ಟಿಯಲ್ಲಿ ಹಾಡುಗಾರ ಇರಲೇಬೇಕೆಂದಿಲ್ಲ. ಹಾಡುವುದು ವಾದ್ಯವೇ. ಗಾಡಿಯ ಮೇಲೆ ಬೆಂಜೋದವನು, ಪಕ್ಕದಲ್ಲಿ ಕೀಬೋರ್ಡು, ಪ್ಯಾಡು, ಕೆಳಗೆ ನಡೆದು ಬರುವ ತಾಶಾ, ಢೋಲಿನವರು. ತಾಶಾದ ಕಡ್ಡಿಯ ಪೆಟ್ಟಿನ ಮೇಲೆ ಬೆಂಜೋದ ಕೊರೆಯುವ ನಾದ ಹತ್ತಿ ಕೂತಾಗ ಎದುರಿಗೆ ನಿಂತವನಿಗೆ ಸುಮ್ಮನಿರಲು ಆಗುವುದಿಲ್ಲ. ಸಿನಿಮಾ ಹಾಡೇ ನುಡಿಸಲಿ, ವಿಠ್ಠಲನ ಅಭಂಗವೇ ನುಡಿಸಲಿ, ಒಳ್ಳೆಯ ಬೆಂಜೋದವನು ಎರಡನೇ ಸುತ್ತಿನಲ್ಲಿ ತನ್ನದೊಂದು ತಿರುವು ಹಾಕುತ್ತಾನೆ. ಎದುರಿನ ಹುಡುಗರ ಹೆಜ್ಜೆ ನೋಡಿ ಲಯ ಏರಿಸುತ್ತಾನೆ, ಸುಸ್ತಾದರೆ ಇಳಿಸುತ್ತಾನೆ. ಇವರಲ್ಲಿ ಬಹಳಷ್ಟು ಜನ ನೊಟೇಶನ್ ಓದಿದವರಲ್ಲ. ಹಗಲು ಬೇರೆ ಕೆಲಸ, ಲಗ್ನಸರಾಯಿಯಲ್ಲಿ ಇದು. 2016ರಲ್ಲಿ ರಿತೇಶ್ ದೇಶಮುಖ್ ನಟಿಸಿದ ಬ್ಯಾಂಜೋ ಎಂಬ ಹಿಂದಿ ಸಿನಿಮಾ ಮುಂಬೈಯ ಇಂಥ ಹುಡುಗರ ಮೇಲೆಯೇ ಬಂತು. ಅದರಲ್ಲಿ ಅವರನ್ನು ಗುರುತಿಸಲು ಅಮೆರಿಕದಿಂದ ಒಬ್ಬಳು ಬರಬೇಕಾಯಿತು ಎನ್ನುವುದು ಕಥೆಯ ದೋಷ ಅಂತ ಕೆಲವರು ಅಂದರು. ನನಗೆ ಅದೇ ಕಥೆಯ ನಿಜವಾದ ಭಾಗ ಅನಿಸಿತು.

ಗುರುತಿಸುವವರಿಲ್ಲದ ಇದೇ ಕಥೆ ಕರಡಿ ಮಜಲು ಮೇಳದ್ದೂ. ಕರಡಿ ವಾದ್ಯದ ಗುಡುಗು, ತಾಳದ ಹೊಡೆತ, ಅವುಗಳ ನೆತ್ತಿಯ ಮೇಲೆ ಸನಾದಿಯ ರಾಗ. ಸನಾದಿ ಅಪ್ಪಣ್ಣ ಸಿನಿಮಾದಲ್ಲಿ ರಾಜಕುಮಾರ್ ಬೆರಳಾಡಿಸಿದ್ದಕ್ಕೆ ಬಿಸ್ಮಿಲ್ಲಾ ಖಾನ್ ನುಡಿಸಿದರು, ನಾಡೆಲ್ಲ ಕೇಳಿತು. ನಮ್ಮೂರ ಜಾತ್ರೆಯಲ್ಲಿ ಸನಾದಿ ಊದುವವನ ಹೆಸರು ಪಕ್ಕದ ಊರಿಗೆ ಗೊತ್ತಿಲ್ಲ. ಅಥಣಿಯಿಂದ ಬಸ್ಸು ಹತ್ತಿ ಕಾಗವಾಡ ದಾಟಿದರೆ ಮಿರಜ. ಅಬ್ದುಲ್ ಕರೀಂ ಖಾನರು ನೆಲೆಸಿದ ಊರು. ಅಲ್ಲಿ ಕುಂಬಳದ ಬುರುಡೆಯಿಂದ ಸಿತಾರು, ತಂಬೂರಿ ಮಾಡುವ ಮನೆತನಗಳಿವೆ. 2024ರಲ್ಲಿ ಅವಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ವಾದ್ಯ ಮಾಡುವವರು ಹತ್ತಿರದಲ್ಲೇ, ನುಡಿಸುವವರು ಊರಲ್ಲೇ, ಕುಣಿಯುವವರಿಗಂತೂ ಬರವಿಲ್ಲ.

ಹಾಡು ಕಟ್ಟುವವರಿಗೂ ಬರವಿಲ್ಲ, ಅದನ್ನು ಒಪ್ಪಲೇಬೇಕು. ರಾಯಬಾಗ ತಾಲೂಕಿನ ನಿಪನಾಳದ ಮಾಳು ನಿಪನಾಳ ಹಾಡಿದ ಡ್ರೈವರ್–ಲವ್ವರ್ ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ಓಡಿತು, ರೀಲ್ಸಿನಲ್ಲಿ ಬೆಂಗಳೂರು ಮಂದಿಯೂ ಕುಣಿದರು, ಹಾಡುಗಾರ 2025ರಲ್ಲಿ ಬಿಗ್ ಬಾಸ್ ಮನೆಗೂ ಹೋಗಿ ಬಂದರು. ಬಾಳು ಬೆಳಗುಂದಿಯವರ ಪದಗಳನ್ನು ಅರಿಯದ ಟ್ರ್ಯಾಕ್ಟರ್ ಡ್ರೈವರ್ ನಮ್ಮ ಕಡೆ ಸಿಗಲಿಕ್ಕಿಲ್ಲ. ಸಿನಿಮಾದವರ ಕೃಪೆಯಿಲ್ಲದೆ, ದೊಡ್ಡ ಕಂಪನಿಯ ಹಂಗಿಲ್ಲದೆ, ತಾವೇ ಬರೆದು ತಾವೇ ಹಾಡಿ ತಾವೇ ಬಿಡುಗಡೆ ಮಾಡುವುದನ್ನೇ ಜಗತ್ತು ಇಂಡಿ ಸಂಗೀತ ಎನ್ನುತ್ತದೆ. ಆ ಅರ್ಥದಲ್ಲಿ ಕರ್ನಾಟಕದ ಅತಿ ದೊಡ್ಡ ಇಂಡಿ ಮಾರುಕಟ್ಟೆ ಕೃಷ್ಣಾ, ಘಟಪ್ರಭಾ ದಂಡೆಗಳಲ್ಲೇ ಇದೆ. ಕೆಲವು ಹಾಡುಗಳ ಸಾಹಿತ್ಯ ಮನೆಮಂದಿಯ ಮುಂದೆ ಕೇಳುವಂಥದ್ದಲ್ಲ, ಹುಡುಗಿ ಕೈಕೊಟ್ಟಳೆಂಬ ಒಂದೇ ಗೋಳು ಬಹಳವಾಯಿತು ಎಂಬ ತಕರಾರು ನನಗೂ ಇದೆ. ಆದರೆ ರಾಗ ಹಾಕುವ ಕೈಚಳಕವನ್ನು ಅಲ್ಲಗಳೆಯಲಾರೆ.

ನನ್ನ ಕೊರಗು ಬೇರೆ. ಹಾಡು ಹುಟ್ಟುತ್ತಿವೆ, ಬ್ಯಾಂಡು ಸಾಯುತ್ತಿವೆ. ಈ ಹೊಸ ಜಾನಪದದಲ್ಲಿ ಹಾಡುವವನು ಒಬ್ಬ, ಕೀಬೋರ್ಡಿನ ಮುಂದೆ ಟ್ರ್ಯಾಕ್ ಮಾಡುವವನು ಒಬ್ಬ. ಸನಾದಿ ಬೇಕೆ, ಒಂದು ಗುಂಡಿ. ಹಲಗಿ ಬೇಕೆ, ಇನ್ನೊಂದು ಗುಂಡಿ. ಬೆಂಜೋದ ನಾದವೂ ಅದರಲ್ಲೇ ಸಿಗುತ್ತದೆ, ಬೆಂಜೋದವನು ಬೇಕಿಲ್ಲ. ಆ ಟ್ರ್ಯಾಕು ಪೆನ್‌ಡ್ರೈವಿನಲ್ಲಿ ಡಾಲ್ಬಿ ಗಾಡಿಗೆ ಹೋಗುತ್ತದೆ. ಉಳಿದ ಕಡೆ ಡಿಜೆ ಎನ್ನುವುದಕ್ಕೆ ನಮ್ಮ ಕಡೆ ಡಾಲ್ಬಿ ಎನ್ನುತ್ತಾರಲ್ಲ, ಅದೇ. ಟ್ರ್ಯಾಕ್ಟರಿನ ಮೇಲೆ ಗೋಡೆಯಂತೆ ಪೇರಿಸಿದ ಬಾಕ್ಸುಗಳು, ಎದೆಗೂಡು ನಡುಗಿಸುವ ಬೇಸ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು, ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದು ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಡಾಲ್ಬಿಯ ಮುಂದೆ ನಿಂತವನಿಗೆ ಆ ನಿಯಮ ಹೇಳಿದರೂ ಕೇಳಿಸುವುದಿಲ್ಲ.

ಸದ್ದಿನ ವಿಚಾರಕ್ಕೆ ಬೆಂಜೋ ಪಾರ್ಟಿಯೇನೂ ಸಾಧು ಪ್ರಾಣಿಯಲ್ಲ ಎನ್ನುವುದೂ ನಿಜ. ವ್ಯತ್ಯಾಸ ಇರುವುದು ಮನುಷ್ಯರಲ್ಲಿ. ಬೆಂಜೋ ಪಾರ್ಟಿಗೆ ವೀಳ್ಯ ಕೊಟ್ಟರೆ ಏಳೆಂಟು ಮನೆಗೆ ದುಡ್ಡು ಹೋಗುತ್ತದೆ. ತಾಶಾ ಹೊಡೆಯುವವನ ಹಿಂದೆ ಅವನ ತಮ್ಮ ಕಡ್ಡಿ ಹಿಡಿದು ನಡೆಯುತ್ತಾನೆ, ಮುಂದಿನ ವರ್ಷ ಅವನೇ ಹೊಡೆಯುತ್ತಾನೆ. ನಮ್ಮಲ್ಲಿ ಸಂಗೀತ ಶಾಲೆ ಇದ್ದದ್ದು ಹೀಗೆ: ಮೆರವಣಿಗೆಯಲ್ಲೇ ಪಾಠ, ಭಜನಾ ಕಟ್ಟೆಯಲ್ಲೇ ತಾಲೀಮು. ಶ್ರಾವಣದ ಭಜನೆಯಲ್ಲಿ ದೊಡ್ಡವರು ಹಾರ್ಮೋನಿಯಂ ಬಿಟ್ಟು ಎದ್ದರೆ ಹುಡುಗರು ಅದರ ಮೇಲೆ ಬೆರಳಾಡಿಸಿ ಕಲಿತರು. ಐಸ್‌ಲ್ಯಾಂಡಿನಲ್ಲಿ ಆಡಳಿತ ಮಾಡಿದ ಕೆಲಸವನ್ನು ನಮ್ಮಲ್ಲಿ ಜಾತ್ರೆ ಮಾಡುತ್ತಿತ್ತು. ಆ ಜಾಗಕ್ಕೆ ಡಾಲ್ಬಿ ಬಂದು ನಿಂತಾಗ ಹೋದದ್ದು ಬರೀ ಒಂದು ವಾದ್ಯವಲ್ಲ, ಕಲಿಯುವ ದಾರಿಯೇ ಹೋಯಿತು.

ಹಳೆಯ ಪದಕ್ಕೆ ಹೊಸ ಬ್ಯಾಂಡು ಕೂಡಿಸುವ ದಾರಿಯನ್ನು ಬೆಂಗಳೂರಿನ ಬ್ಯಾಂಡುಗಳು ಒಮ್ಮೆ ತೋರಿಸಿವೆ. ರಘು ದೀಕ್ಷಿತ್ ಪ್ರಾಜೆಕ್ಟ್ 2008ರ ತನ್ನ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರನ್ನು ಗಿಟಾರು, ಪಿಟೀಲುಗಳ ಜೊತೆ ಹಾಡಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ನಿಂತರು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸಬರ ಪ್ರಶಸ್ತಿ ಕೊಟ್ಟಿತು. ಸ್ವರಾತ್ಮ ಎಂಬ ಇನ್ನೊಂದು ಬ್ಯಾಂಡು 2009ರಲ್ಲಿ ಆಲ್ಬಂ ತಂದಿತು. 1819ರಲ್ಲಿ ಹುಟ್ಟಿದ ಷರೀಫರ ಪದಗಳು ನಮ್ಮ ಭಜನಾ ಮೇಳಗಳ ನಾಲಗೆಯ ಮೇಲೆ ಒಂದೂವರೆ ಶತಮಾನ ಬದುಕಿದ್ದರಿಂದಲೇ ಅವು ಲಂಡನ್ನಿಗೆ ಹೋಗಲು ಉಳಿದಿದ್ದವು. ಆದರೆ ಬೆಂಗಳೂರಿನ ಹುಡುಗರಿಗೆ ಸಿಕ್ಕ ಕಾಲೇಜು ಉತ್ಸವ, ಕೆಫೆ, ತಾಲೀಮು ಕೋಣೆ ಅಥಣಿಯ ಹುಡುಗನಿಗೆ ಸಿಗುವುದಿಲ್ಲ. ಅವನ ಬಳಿ ಗಿಟಾರು ಇದ್ದರೆ ಅದು ಆನ್‌ಲೈನಿನಲ್ಲಿ ತರಿಸಿದ್ದು, ಗುರು ಯೂಟ್ಯೂಬು, ಜೊತೆಗಾರ ಯಾರೂ ಇಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ, ಸರ್ಕಾರದ ಅನುದಾನಕ್ಕೆ ಕಾಯುವಂಥದ್ದೂ ಅಲ್ಲ. ಊರೂರಿಗೆ ಸಮುದಾಯ ಭವನಗಳಿವೆ, ಲಗ್ನ ಇಲ್ಲದ ದಿನ ಬೀಗ ಹಾಕಿರುತ್ತಾರೆ. ಸಂಜೆ ಎರಡು ತಾಸು ಹುಡುಗರಿಗೆ ತೆರೆದುಕೊಟ್ಟರೆ ತಾಲೀಮಿಗೆ ಜಾಗವಾಯಿತು. ಕಬಡ್ಡಿಗೆ, ಬಂಡಿ ಓಟಕ್ಕೆ, ಗುಂಡು ಎತ್ತುವುದಕ್ಕೆ ಬಹುಮಾನ ಇಡುವ ಊರುಗಳು ಸ್ವಂತ ಹಾಡು ಕಟ್ಟಿ, ಸ್ವಂತ ಕೈಯಿಂದ ನುಡಿಸುವ ಮೇಳಕ್ಕೂ ಒಂದು ಬಹುಮಾನ ಇಡಬಹುದು. ಷರತ್ತು ಎರಡೇ: ಟ್ರ್ಯಾಕ್ ಕೂಡದು, ಕನಿಷ್ಠ ಮೂರು ಜನ ಇರಬೇಕು. ಗೆದ್ದವರಿಗೆ ಹಾರ ಶಾಲು ಬಿಟ್ಟು ಚಿಕ್ಕೋಡಿಯದೋ ಬೆಳಗಾವಿಯದೋ ಒಂದು ಸ್ಟುಡಿಯೋದ ಒಂದು ದಿನದ ಖರ್ಚು ಕೊಡಿ. ಪಡಸಾಲೆಯಲ್ಲಿ ಕೂಡಿಸಿ ವಿಡಿಯೊ ಮಾಡಲು ಫೋನು ಎಲ್ಲರ ಕಿಸೆಯಲ್ಲೂ ಇದೆ. ರಾಯಬಾಗದ ಹಾಡುಗಾರನಿಗೆ ಕಾಗವಾಡದ ಬೆಂಜೋದವನೂ ಐಗಳಿ ಕಡೆಯ ಕರಡಿಯವನೂ ಸಿಕ್ಕರೆ ಏನು ಹುಟ್ಟಬಹುದು ಎಂಬ ಕುತೂಹಲ ನನಗಂತೂ ಇದೆ.

ಜಾತ್ರಾ ಕಮಿಟಿಯವರಲ್ಲಿ, ಗಣೇಶೋತ್ಸವ ಮಂಡಳಿಯ ಹುಡುಗರಲ್ಲಿ ಒಂದು ಕೇಳಿಕೆ. ಈ ಸಲ ಡಾಲ್ಬಿಗೆ ಎತ್ತಿಟ್ಟ ದುಡ್ಡಿನಲ್ಲಿ ಅರ್ಧವನ್ನಾದರೂ ಕೈಯಿಂದ ನುಡಿಸುವವರಿಗೆ ವೀಳ್ಯ ಕೊಡಿ. ಪಟ್ಟಿ ಎತ್ತಲು ನನ್ನ ಮನೆಗೂ ಬನ್ನಿ. ಖರ್ಚಿನ ಯಾದಿಯಲ್ಲಿ ಬೆಂಜೋ ಪಾರ್ಟಿಯ ಹೆಸರಿದ್ದರೆ ಪಾವತಿ ಹರಿಯುವ ಮೊದಲೇ ದುಡ್ಡು ಕೊಡುತ್ತೇನೆ.